ಹಲ್ಲಿನ ಡಾಕ್ಟರಿಗೆ ಹಿಟ್ಟು ತಿಗಣೆ

“ಅಲ್ಲೇ ನಿಂತ್ಕೊಳ್ಳಿ! ಒಂದು ಹೆಜ್ಜೆ ಒಳಗಿಟ್ರೆ ನೋಡಿ ಮತ್ತೆ!”

ಬಾಗಿಲಲ್ಲಿದ್ದವನು ಒಂದು ಕಾಲು ಹೊಸ್ತಿಲ ಆಚೆ, ಒಂದು ಕಾಲು ಈಚೆ ಇಟ್ಟು ಹಾಗೇ ನಿಂತುಬಿಟ್ಟ. ಎದೆಗವಚಿಕೊಂಡಿದ್ದ ಕುಂಡವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಗಿಡದಂಗಡಿಗೆ ಬಂದವರನ್ನು ಕಳ್ಳರನ್ನು ಗದರಿಸಿದಂತೆ ಗದರಿಸುವವರನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

“ನಾನು... ಎದುರಿನ ಕಟ್ಟಡದಲ್ಲಿ...”

“ನೀವು ಯಾರಾದ್ರೂ ಆಗಿರಿ! ಆ ಕುಂಡ ಮಾತ್ರ ಒಳಗೆ ಬರೋ ಹಾಗಿಲ್ಲ!”

ಅಂಗಡಿಯವಳು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, ದಡಬಡಿಸಿ ಬಂದು, ಅವನ ಕೈಯಿಂದ ಕುಂಡವನ್ನು ಕಿತ್ತುಕೊಂಡೇಬಿಟ್ಟಳು. ಬೆರಳಿಗೆ ಬೆರಳು ತಾಗಿತು. ಅವನ ಎದೆ ಧಸಕ್ಕೆಂದಿತು. ಅವಳಿಗೆ ಅದರ ಪರಿವೆಯೇ ಇಲ್ಲ! ಅವಳ ಕಣ್ಣೆಲ್ಲ ಎಲೆಗಳ ಸಂದಿಯಲ್ಲಿತ್ತು.

ದಪ್ಪ ದಪ್ಪ ಎಲೆಗಳು ಗುಲಾಬಿ ಹೂವಿನ ಹಾಗೆ ಸುತ್ತಿಕೊಂಡಿದ್ದ ಗಿಡ ಅದು. ಒಂದೊಂದು ಎಲೆಯ ಬುಡದಲ್ಲೂ ಬೆಳ್ಳಗೆ, ನವಿರಾಗಿ ಏನೋ ಅಂಟಿಕೊಂಡಿತ್ತು.

“ಇದೇನು ಅಂದ್ಕೊಂಡಿದೀರಿ ನೀವು?”

“ಹತ್ತಿ... ಅಲ್ವಾ? ನಂದು ಹಲ್ಲಿನ ಕ್ಲಿನಿಕ್ಕು. ಅಲ್ಲಿ ಹತ್ತಿ ಜಾಸ್ತಿ. ಎಲ್ಲೋ ಹಾರಿ ಬಂದು ಕೂತಿದೆ ಅಂತ...”

“ಹತ್ತಿಯಂತೆ ಹತ್ತಿ! ಹಿಟ್ಟು ತಿಗಣೆ ಕಣ್ರೀ ಇದು! ಎಲೆ ರಸ ಹೀರೋ ಹುಳ!”

ಹಲ್ಲಿನ ಡಾಕ್ಟರ್ ಬಾಯಿ ತೆರೆದುಕೊಂಡು ನಿಂತ. ದಿನವಿಡೀ ಬೇರೆಯವರ ಬಾಯಿ ತೆರೆಸುವವನ ಬಾಯಿ ಹಾಗೆ ತೆರೆದುಕೊಂಡದ್ದನ್ನು ನೋಡಿ ಅವಳಿಗೆ ನಗು ಬಂತು. ಕಚ್ಚಿ ಹಿಡಿದಳು.

ಅವಳ ಕೋಪಕ್ಕೂ ಕಾರಣವಿತ್ತು ಅನ್ನಿ. ಮೂರು ವರ್ಷದ ಹಿಂದೆ ಯಾರೋ ತಂದುಕೊಟ್ಟ ಒಂದು ಕುಂಡವನ್ನು ನೋಡದೆ ಗೀಡದೆ ಒಳಗಿಟ್ಟುಕೊಂಡಿದ್ದಳು. ಒಂದೇ ತಿಂಗಳು! ಎರಡು ಸಾಲು ಗಿಡಗಳು ಕಣ್ಣೆದುರೇ ಹೋಗಿಬಿಟ್ಟವು. ಅಂದಿನಿಂದ ಹೊರಗಿನಿಂದ ಬಂದ ಯಾವ ಗಿಡವೇ ಆಗಲಿ, ಇಪ್ಪತ್ತೊಂದು ದಿನ ಹಿಂದಿನ ಕೋಣೆಯಲ್ಲಿ ಬೇರೆಯಾಗಿ ಇರಬೇಕು. ರಾಜನ ಗಿಡವಾದರೂ ಅಷ್ಟೇ. ಬೀದಿಯವರೆಲ್ಲ ಅವಳಿಗೆ ‘ಹುಳದ ಮೇಡಂ’ ಎಂದು ಹೆಸರಿಟ್ಟಿದ್ದರು. ಎದುರಿಗೆ ಅನ್ನುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

“ಎಷ್ಟು ನೀರು ಹಾಕ್ತೀರಿ ಇದಕ್ಕೆ?” ವಿಚಾರಣೆ ಶುರುವಾಯಿತು.

“ಬೆಳಿಗ್ಗೆ ಒಂದು ಲೋಟ. ಸಂಜೆ ಒಂದು ಲೋಟ.”

“ಅಯ್ಯೋ! ಎಮ್ಮೆ ಸಾಕಿದೀರಾ?”

“ಪ್ರೀತಿಯಿಂದ ಹಾಕಿದ್ದು...”

“ಪ್ರೀತಿ ಅಂತ ಮುಳುಗಿಸಿಬಿಡೋದಾ? ಇವುಗಳ ಎಲೆಯಲ್ಲೇ ನೀರಿರತ್ತೆ. ಮಣ್ಣು ಪೂರ್ತಿ ಒಣಗೋ ತನಕ ಮುಟ್ಟಬಾರದು. ಹೀಗೆ ನೀರು ಕುಡಿಸಿದ್ರೆ ಎಲೆ ಮೆತ್ತಗಾಗತ್ತೆ, ಹುಳಕ್ಕೆ ಹಬ್ಬ!”

ಅವನ ಮುಖ ಸಣ್ಣಗಾಯಿತು. “ಅಮ್ಮಂದು ಇದು. ಒಂದೇ ಒಂದು ಎಲೆಯಿಂದ ಒಂಬತ್ತು ವರ್ಷ ಬೆಳೆಸಿದಾರೆ. ಅಕ್ಕನ ಬಾಣಂತನಕ್ಕೆ ಹೋಗ್ವಾಗ ನನ್ ಕೈಗಿಟ್ಟು ಹೋದ್ರು. ಬಂದು ಕೇಳಿದ್ರೆ ಏನು ಹೇಳ್ಲಿ ಮೇಡಂ?”

ಅಷ್ಟೇ. ಅವಳ ಮನಸ್ಸು ಕರಗಿತು. ‘ಇಷ್ಟು ದೊಡ್ಡ ಮನುಷ್ಯ, ಅಮ್ಮ ಬೈತಾರೆ ಅಂತ ಹೆದರ್ಕೊಂಡಿದಾನಲ್ಲ ಪಾಪ!’

“ಬಿಟ್ಟು ಹೋಗಿ, ನೋಡ್ತೀನಿ,” ಎಂದಳು ಮೆಲ್ಲಗೆ.

* * *

ಮರುದಿನ ಮಧ್ಯಾಹ್ನ ಎರಡು ಗಂಟೆಗೆ, ಕ್ಲಿನಿಕ್ಕಿನ ಬಿಡುವಿನ ಹೊತ್ತಿಗೆ, ಡಾಕ್ಟರ್ ಹಾಜರ್. ಕೈಯಲ್ಲಿ ಒಂದು ಸ್ಟೀಲ್ ತಟ್ಟೆ. ಅದರಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿ, ತುದಿ ಬಾಗಿದ ಚೂಪು ಕಡ್ಡಿ, ಚಿಮುಟ.

“ಇದೇನಿದು?”

“ಹುಳುಕು ಹಲ್ಲು ಹುಡುಕೋ ಸಾಮಾನು. ಎಲೆ ಹಿಂದೆ ಹುಳ ಹುಡುಕೋಕೂ ಆಗತ್ತೇನೋ ಅಂತ ತಂದೆ. ಹೊಸದೇ, ಯಾರ ಬಾಯಿಗೂ ಹಾಕಿಲ್ಲ!”

ಅವಳು ಈ ಸಲ ನಗು ತಡೆಯಲಿಲ್ಲ.

ಹೊರಜಗಲಿಯ ಮೇಜಿನ ಮೇಲೆ ಕುಂಡವನ್ನಿಟ್ಟು ಇಬ್ಬರೂ ಎದುರುಬದುರು ಕೂತರು. ಅವಳು ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಒಂದೊಂದೇ ಬಿಳಿ ಚುಕ್ಕೆಯನ್ನು ಮುಟ್ಟುತ್ತಾ ಹೋದಳು. ಸ್ಪಿರಿಟ್ ತಾಗಿದ್ದೇ ಬಿಳಿ ಪುಡಿ ಕರಗಿ ಒಳಗಿನ ಹುಳದ ನಿಜ ಬಣ್ಣ ಕಾಣುತ್ತಿತ್ತು. ಅವನು ಕನ್ನಡಿಯನ್ನು ಎಲೆಯ ಅಡಿಗೆ ಹಿಡಿದು ಬಗ್ಗಿ ನೋಡಿದ.

“ಮೇಡಂ, ಇಲ್ಲೊಂದು ತುಂಬು ಸಂಸಾರ ಇದೆ ನೋಡಿ. ಅಜ್ಜಿ, ಮೊಮ್ಮಕ್ಕಳು, ಎಲ್ರೂ ಇದಾರೆ.”

ಅವಳೂ ಬಗ್ಗಿದಳು. ಇಬ್ಬರ ಹಣೆ ಢೀ ಎಂದಿತು!

“ಸಾರಿ... ಸಾರಿ...”

“ಪರವಾಗಿಲ್ಲ...”

ಒಳಗಿನಿಂದ ಚಿಕ್ಕಮ್ಮ ಕೆಮ್ಮಿದರು. ಅವಳ ಅಮ್ಮನ ತಂಗಿ. ಅಂಗಡಿಯಲ್ಲಿ ಮಣ್ಣು ಕಲಸುವುದು, ಕುಂಡ ತೊಳೆಯುವುದು ಅವರ ಪಾಲು. ಕೆಮ್ಮು ಬಂದದ್ದಲ್ಲ, ತರಿಸಿಕೊಂಡದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಈ ಚಿಕ್ಕಮ್ಮನಿಗೂ ಅವಳಿಗೂ ಒಂದು ಅಭ್ಯಾಸವಿತ್ತು. ಹಿಂದಿನ ಕೋಣೆಯಲ್ಲಿ ಔಷಧಿಗಿಟ್ಟ ಗಿಡಗಳಿಗೆ, ತಂದವರ ಹೆಸರನ್ನೇ ಇಡುತ್ತಿದ್ದರು.

“ಮೇಷ್ಟ್ರು ಇವತ್ತು ಪರವಾಗಿಲ್ಲ ಕಣೇ, ಸ್ವಲ್ಪ ಚೇತರಿಸ್ಕೊಂಡಿದಾರೆ.”

“ದರ್ಜಿಗೆ ಬಿಸಿಲು ಜಾಸ್ತಿಯಾಗಿದೆ ಚಿಕ್ಕಮ್ಮ, ಒಳಗೆ ಎಳ್ಕೊಳ್ಳಿ.”

“ಬೇಕರಿಯವಳಿಗೆ ಇರುವೆ ಮುತ್ತಿದೆ ನೋಡೇ!”

ಹೊರಗಿನವರು ಕೇಳಿಸಿಕೊಂಡರೆ ಏನೆಂದುಕೊಂಡಾರು ಎಂಬ ಯೋಚನೆ ಇಬ್ಬರಿಗೂ ಬಂದಿರಲೇ ಇಲ್ಲ. ಹೊಸದಾಗಿ ಬಂದ ಗಿಡಕ್ಕೂ ಆ ದಿನವೇ ನಾಮಕರಣವಾಯಿತು: ಹಲ್ಲಿನ ಡಾಕ್ಟರ್.

* * *

ಆಮೇಲಿನ ದಿನಗಳನ್ನು ಅವಳು ಹೇಗೆ ಮರೆತಾಳು!

ಎರಡು ಗಂಟೆ ಆಗುವುದನ್ನೇ ಕಾಯುವುದು ರೂಢಿಯಾಯಿತು. ಒಂದೂವರೆಗೇ ಮುಖ ತೊಳೆದು, ಕೂದಲು ಬಾಚಿಕೊಂಡು, ‘ಬಂದ್ರೆ ಬರ್ಲಿ, ಬರದಿದ್ರೆ ಬಿಡ್ಲಿ’ ಎಂದು ತನಗೇ ಸುಳ್ಳು ಹೇಳಿಕೊಂಡು ಕೂರುತ್ತಿದ್ದಳು.

“ಹುಳ ತೆಗೆಯೋಕೆ ಇಷ್ಟು ಅಲಂಕಾರ ಬೇಕಾ?” ಎಂದು ಚಿಕ್ಕಮ್ಮ ಕಾಲೆಳೆದರು.

“ಸುಮ್ನಿರಿ ಚಿಕ್ಕಮ್ಮ!”

ಅವನು ಕಲಿಯುವುದರಲ್ಲಿ ಚುರುಕು. ಒಂದು ದಿನ ಯಾರೋ ಗಿರಾಕಿ ತಂದ ಗಿಡದ ಕಾಂಡದ ಮೇಲಿನ ಕಂದು ಚುಕ್ಕೆ ತೋರಿಸಿ ಕೇಳಿದ, “ಇದು ಹುಳಾನಾ, ಗಾಯದ ಕಲೆಯಾ?”

“ಉಗುರಲ್ಲಿ ಕೆರೆದು ನೋಡಿ. ಎದ್ದು ಬಂದ್ರೆ ಹುಳ. ಚಿಪ್ಪು ಹೊದ್ಕೊಂಡು ಕೂತಿರತ್ತೆ. ಬರದಿದ್ರೆ ಹಳೇ ಗಾಯ, ಅದರ ಪಾಡಿಗೆ ಬಿಡಿ.”

ಅವನು ಕೆರೆದ. ಎದ್ದು ಬಂತು. ಗೆದ್ದವನಂತೆ ಅವಳ ಮುಖ ನೋಡಿದ. ಆ ನೋಟಕ್ಕೆ ಅವಳ ಕೈಯಲ್ಲಿದ್ದ ಹತ್ತಿ ಕಡ್ಡಿ ಕೆಳಗೆ ಬಿತ್ತು.

‘ನಾನು ಇವನನ್ನ ಇಷ್ಟಪಡ್ತಿದೀನಿ...’ ಅವಳಿಗೆ ಅದು ಗೊತ್ತಾಯಿತು. ಗೊತ್ತಾದ ಕೂಡಲೇ ಭಯವೂ ಆಯಿತು. ಇಪ್ಪತ್ತೊಂದನೇ ದಿನ ಗಿಡ ಗುಣವಾಗುತ್ತದೆ. ಅವನು ಕುಂಡ ಎತ್ತಿಕೊಂಡು ಹೋಗುತ್ತಾನೆ. ಆಮೇಲೆ? ಬರಲು ಅವನಿಗೆ ಕಾರಣವೇನಿದೆ?

ಅವಳಿಗೆ ಗೊತ್ತಿರದ ವಿಷಯವೆಂದರೆ, ರಸ್ತೆಯ ಆಚೆ ಬದಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಕೂಡ ಇದನ್ನೇ ಯೋಚಿಸಿ ಊಟ ಸೇರದೆ ಕೂತಿದ್ದ.

* * *

ಹದಿನೇಳನೇ ದಿನ.

ಮೇಲೆ ಒಂದು ಹುಳವೂ ಇಲ್ಲ. ಆದರೂ ಗಿಡದ ಎಲೆಗಳು ಸುಕ್ಕುಗಟ್ಟುತ್ತಿದ್ದವು. ಅನುಮಾನ ಬಂದು ಅವಳು ಗಿಡವನ್ನು ಕುಂಡದಿಂದ ಹೊರಗೆ ಎಳೆದಳು. ಬೇರಿನ ತುಂಬ ಬೆಳ್ಳಗೆ ಹುಳ! ಮೇಲಿನದನ್ನು ಒರೆಸುತ್ತಾ ಕೂತಿದ್ದಾಗ ಅವು ಮಣ್ಣಿನೊಳಗೆ ಮನೆ ಮಾಡಿಕೊಂಡಿದ್ದವು. ಮೊದಲ ದಿನವೇ ಬೇರು ಬಿಡಿಸಿ ನೋಡಬೇಕಿತ್ತು. ಅವನ ಮುಖ ನೋಡುವ ಭರದಲ್ಲಿ ಆ ಒಂದು ಕೆಲಸವನ್ನೇ ಮರೆತಿದ್ದಳು.

ತನ್ನ ಮೇಲಿನ ಸಿಟ್ಟನ್ನೆಲ್ಲ ಗಿಡದ ಮೇಲೆ ತೀರಿಸಿಕೊಂಡಳು.

ಅದೇ ಹೊತ್ತಿಗೆ ನಮ್ಮ ಡಾಕ್ಟರ್ ಜಗಲಿಗೆ ಬಂದಿದ್ದ. ಹತ್ತು ನಿಮಿಷ ಮುಂಚೆ! ಹೊಸ ಅಂಗಿ, ಅಂದೇ ಕತ್ತರಿಸಿದ ಕೂದಲು. ಇವತ್ತು ಕೇಳಿಯೇ ಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿ ಬಂದವನು. ಕಿಟಕಿ ತೆರೆದಿತ್ತು.

“ಹಲ್ಲಿನ ಡಾಕ್ಟರ್ ಕತೆ ಮುಗೀತು ಚಿಕ್ಕಮ್ಮ!”

ಅವನ ಕಾಲು ನಿಂತಲ್ಲೇ ನಿಂತಿತು.

“ಏನಾಯ್ತೇ? ಚೆನ್ನಾಗೇ ಇದ್ರಲ್ಲ?”

“ಮೇಲೆ ನೋಡೋಕೆ ಚೆನ್ನಾಗಿದ್ರು ಅಷ್ಟೇ. ಒಳಗೆಲ್ಲ ಹುಳುಕು! ಇಷ್ಟು ದಿನ ನಂಬ್ಕೊಂಡು ಕೂತು ನಾನೇ ಮೋಸ ಹೋದೆ.”

“ಈಗೇನು ಮಾಡ್ತೀಯ?”

“ಇನ್ನೇನು ಮಾಡೋದು? ಇಟ್ಕೊಂಡ್ರೆ ಮನೇಲಿರೋರನ್ನೆಲ್ಲ ಹಾಳು ಮಾಡ್ತಾರೆ. ಇವತ್ತೇ ಆಚೆ ಹಾಕ್ಬಿಡೋದು.”

“ಪಾಪ ಕಣೇ...”

“ಪಾಪ ಅಂದ್ರೆ ಆಗತ್ತಾ? ಇಷ್ಟು ದಿನ ಬೇಕರಿಯವಳ ಪಕ್ಕಾನೇ ಇದ್ರು ಬೇರೆ! ಅವಳಿಗೂ ಏನೇನು ಅಂಟಿಸಿದಾರೋ!”

ಬೇಕರಿಯವಳಾ?! ಬ್ರೆಡ್ ತೆಗೆದುಕೊಂಡದ್ದು ಬಿಟ್ಟರೆ ಆ ಹೆಂಗಸಿನೊಂದಿಗೆ ಎರಡು ಮಾತೂ ಆಡಿದವನಲ್ಲ ಅವನು! ಕಿವಿ ಕೆಂಪಾಯಿತು. ಕಣ್ಣು ಮಂಜಾಯಿತು. ‘ನನ್ನ ಬಗ್ಗೆ ಇಷ್ಟು ಕೀಳಾಗಿ...’

ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ, ಮಹಾರಾಯ! ಬಂದ ದಾರಿಗೆ ಸುಂಕವಿಲ್ಲದಂತೆ ತಿರುಗಿ ಹೋದ.

ಒಳಗೆ ಅವಳು ಗಿಡವನ್ನು ಎತ್ತಿ ಕಸದ ಚೀಲದವರೆಗೂ ಹೋದಳು. ಕೈ ಬರಲಿಲ್ಲ. ಒಂಬತ್ತು ವರ್ಷ! ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬೇರಿಗಿಂತ ಸಾಕಷ್ಟು ಮೇಲೆ, ಹುಳ ತಲುಪದ ಕಡೆ ಕತ್ತರಿಸಿದಳು. ಬೇರು, ಮಣ್ಣು ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಎಸೆದಳು. ಕುಂಡವನ್ನು ಕುದಿಯುವ ನೀರಿನಿಂದ ತೊಳೆದಳು. ಬರೀ ತಲೆ ಉಳಿದ ಗಿಡವನ್ನು ನೆರಳಲ್ಲಿ, ಕಾಗದದ ಮೇಲೆ ಗಾಯ ಒಣಗಲು ಇಟ್ಟಳು.

“ಆಚೆ ಹಾಕ್ತೀನಿ ಅಂದೆ?” ಎಂದರು ಚಿಕ್ಕಮ್ಮ.

“ಹಾಕೋಕಾಗ್ಲಿಲ್ಲ...”

ಎರಡು ಗಂಟೆಯಾಯಿತು. ಎರಡೂವರೆಯೂ ಆಯಿತು. ಅವನು ಬರಲಿಲ್ಲ.

* * *

ಮರುದಿನ ಕ್ಲಿನಿಕ್ಕಿನ ಸಿಸ್ಟರ್ ಬಂದು ಒಂದು ಚೀಟಿ ಕೊಟ್ಟು ಹೋದರು.

‘ಗಿಡದ ವಿಷಯದಲ್ಲಿ ಇನ್ನು ನೀವು ತೊಂದರೆ ತೆಗೆದುಕೊಳ್ಳುವುದು ಬೇಡ. ನನ್ನಿಂದ ಬೇಜಾರಾಗಿದ್ದರೆ ಕ್ಷಮಿಸಿ.’

ಅವಳು ಅದನ್ನು ನಾಲ್ಕು ಸಲ ಓದಿದಳು. ‘ಅಷ್ಟೇನಾ? ಇಷ್ಟು ದಿನ ಎದುರು ಕೂತಿದ್ದು ಬರೀ ಗಿಡಕ್ಕಾ? ಅದೂ ಬೇಡವಾಯ್ತಾ?’ ಹಿಂದಿನ ಕೋಣೆಗೆ ಹೋಗಿ, ಮೇಷ್ಟ್ರು, ದರ್ಜಿ, ಬೇಕರಿಯವಳು ಎಲ್ಲರ ಎದುರಿಗೂ ಕೂತು ಅತ್ತುಬಿಟ್ಟಳು.

“ಹೋಗಿ ಕೇಳೇ,” ಎಂದರು ಚಿಕ್ಕಮ್ಮ.

“ನಾನ್ಯಾಕೆ ಕೇಳ್ಲಿ? ಬೇಡ ಅಂದವರ ಬಾಗಿಲಿಗೆ ನಾನ್ಯಾಕೆ ಹೋಗ್ಲಿ?”

ಹಟ ಮಾಡಿದಳೇ ಹೊರತು, ಅವನ ಗಿಡವನ್ನು ದಿನಕ್ಕೆ ನಾಲ್ಕು ಸಲ ನೋಡುವುದು ನಿಲ್ಲಲಿಲ್ಲ. ಗಾಯ ಒಣಗಿತು. ಒಣ ಮಣ್ಣಿನ ಮೇಲೆ ಕೂರಿಸಿದಳು. ಕತ್ತರಿಸಿದ ಹದಿನಾರನೇ ದಿನ ಎತ್ತಿ ನೋಡಿದರೆ, ಬುಡದಲ್ಲಿ ನಸುಗೆಂಪು ಬಣ್ಣದ ನಾಲ್ಕು ಹೊಸ ಬೇರು!

ಖುಷಿಯಿಂದ ಕೂಗಬೇಕೆನ್ನಿಸಿತು. ಕೂಗಲು ಬಾಯಿ ತೆರೆದರೆ ದವಡೆ ಚಳಕ್ ಎಂದಿತು. ವಾರದಿಂದ ಒಂದು ಹಲ್ಲು ಕಾಡುತ್ತಿತ್ತು. ಊರಿಗೆಲ್ಲ ಹುಳ ಹುಡುಕಿಕೊಡುವವಳು ತನ್ನ ಬಾಯಲ್ಲಿದ್ದ ಹುಳುಕನ್ನು ಮುಚ್ಚಿಟ್ಟುಕೊಂಡಿದ್ದಳು. ಹತ್ತಿರವಿರುವುದು ಅವನದೊಂದೇ ಕ್ಲಿನಿಕ್ಕು. ಅಲ್ಲಿಗೆ ಹೇಗೆ ಹೋಗುವುದು?

‘ಗಿಡ ಅವರದ್ದು. ಅವರ ವಸ್ತು ಅವರ ಕೈಗೆ ಕೊಟ್ಟು, ಎರಡು ಮಾತು ಮುಖಕ್ಕೆ ಹೊಡೆದ ಹಾಗೆ ಅಂದು ಬರ್ತೀನಿ!’

ಕುಂಡ ಎತ್ತಿಕೊಂಡು ರಸ್ತೆ ದಾಟಿದಳು.

* * *

“ತಗೊಳ್ಳಿ ನಿಮ್ಮ...”

ಅವಳು ಮಾತು ಮುಗಿಸುವ ಮೊದಲೇ ಅವನು ಎದ್ದು ನಿಂತಿದ್ದ. ಕುಂಡ ನೋಡಲಿಲ್ಲ. ಅವಳ ಮುಖ ನೋಡಿದ.

“ಕೆನ್ನೆ ಊದಿದೆ. ಯಾವಾಗಿಂದ?”

“ಅದೆಲ್ಲ ನಿಮಗ್ಯಾಕೆ...”

“ಕೂತ್ಕೊಳ್ಳಿ.”

ಅವನ ದನಿಯಲ್ಲಿ ಏನಿತ್ತೋ, ಬೈಯಲು ಬಂದವಳು ಹೋಗಿ ಆ ಉದ್ದನೆಯ ಕುರ್ಚಿಯಲ್ಲಿ ಒರಗಿದಳು. ಕುಂಡ ಮಡಿಲಲ್ಲೇ ಇತ್ತು. ಅವನು ದೀಪ ಹಾಕಿ ನೋಡಿ, ನೋಯದಂತೆ ಇಂಜೆಕ್ಷನ್ ಕೊಟ್ಟ. ಸ್ವಲ್ಪ ಹೊತ್ತಿಗೆ ತುಟಿ, ನಾಲಿಗೆ ಎಲ್ಲ ಮರಗಟ್ಟಿದವು. ಹುಳುಕು ತೆಗೆದು, ಔಷಧಿ ತುಂಬಿ, ಕಚ್ಚಿಕೊಳ್ಳಲು ಹತ್ತಿಯ ಉಂಡೆ ಇಟ್ಟ. ಆಮೇಲೆ ಕೈಗವಸು ತೆಗೆಯುತ್ತಾ, ಗೋಡೆಯ ಕಡೆ ಮುಖ ಮಾಡಿ ಹೇಳಿದ:

“ಒಂದು ಮಾತು. ಆವತ್ತು ನೀವು ಚಿಕ್ಕಮ್ಮನ ಹತ್ರ ಹೇಳಿದ್ದು ನಂಗೆ ಕೇಳಿಸ್ತು. ನಾನು ಮೇಲೆ ಚೆನ್ನಾಗಿದೀನಿ, ಒಳಗೆಲ್ಲ ಹುಳುಕು, ಆಚೆ ಹಾಕ್ಬೇಕು ಅಂತ. ನಾನು ಅಂಥವನಲ್ಲ ಮೇಡಂ. ಆ ಬೇಕರಿಯವರ ಜೊತೆ ನಾನು ಮಾತೇ ಆಡಿಲ್ಲ. ಆವತ್ತಿಂದ ಬ್ರೆಡ್ ತಿನ್ನೋದೂ ಬಿಟ್ಟಿದೀನಿ.”

ಅವಳ ಕಣ್ಣು ಇಷ್ಟಗಲವಾಯಿತು.

“ಅಲು... ಅಲು ನೀವಲ್ಲಾ! ಗಿಲಾ! ಗಿಲಾ!”

“ಏನು? ನೋವಾಗ್ತಿದೆಯಾ?”

“ಗಿಲಾ ರೀ!” ಅವಳು ಮಡಿಲ ಕುಂಡವನ್ನು ಎತ್ತಿ ಅವನ ಮೂಗಿನ ಹತ್ತಿರ ಹಿಡಿದಳು. ಬೆರಳಿಂದ ಗಿಡಕ್ಕೆ ತಿವಿದಳು. “ಇಲೇ ಹಲ್ಲಿನ ಲಾಕ್ಟರ್ರು! ಬೇಕರಿಯವಲೂ ಗಿಲಾ!”

ಬಾಯಲ್ಲಿದ್ದ ಹತ್ತಿಯ ಉಂಡೆ ಹಾರಿ ನೆಲಕ್ಕೆ ಬಿತ್ತು. ಗಾಬರಿಯಾಗಿ ಸಿಸ್ಟರ್ ಓಡಿ ಬಂದರು.

ಡಾಕ್ಟರ್ ಗಿಡವನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಗಿಡವನ್ನು ನೋಡಿದ.

“ಅಂದ್ರೆ... ಗಿಡಕ್ಕೆ... ನನ್ನ ಹೆಸರಾ?”

“ಹೂಂ!”

“ಬೇಕರಿಯವರದ್ದೂ... ಗಿಡಾನಾ?”

“ಹೂಂ!” ಅವಳ ಕಣ್ಣಲ್ಲಿ ನೀರು ದಳದಳ ಇಳಿಯಿತು.

ಅವನು ಗೋಡೆಗೆ ಒರಗಿ ನಗತೊಡಗಿದ. ನಗುತ್ತಾ ನಗುತ್ತಾ ಅವನ ಕಣ್ಣೂ ತುಂಬಿತು. ಸಿಸ್ಟರ್ ತಲೆಬುಡ ಅರ್ಥವಾಗದೆ ಹೊರಗೆ ಹೋದರು.

“ನಾನೆಂಥ ಪೆದ್ದ!” ಅವಳ ಪಕ್ಕದ ಸ್ಟೂಲಿನಲ್ಲಿ ಕೂತ. “ಈಗ ನಿಮಗೆ ಮಾತಾಡೋಕಾಗಲ್ಲ. ನಾನೇ ಹೇಳ್ತೀನಿ. ಆವತ್ತು ಬಂದಿದ್ದು ಗಿಡ ನೋಡೋಕಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ. ನನ್ನ ಮದುವೆ ಆಗ್ತೀರಾ ಅಂತ ಕೇಳೋಕೆ ಬಂದಿದ್ದೆ.”

ಹೇಳಬೇಕಾದ್ದೆಲ್ಲ ಗಂಟಲಿಗೆ ಬಂದಿತ್ತು. ನಾಲಿಗೆ ಮಾತ್ರ ಮರದ ತುಂಡು!

ಅವನು ಔಷಧಿ ಬರೆಯುವ ಪ್ಯಾಡ್ ಮುಂದಿಟ್ಟ. “ಬರೆದಾದ್ರೂ ಕೊಡಿ. ಹೌದು, ಇಲ್ಲ... ಏನಾದ್ರೂ.”

ಅವಳು ಪ್ಯಾಡನ್ನು ನೋಡಿದಳು. ಚೀಟಿ ಓದಿ ಅತ್ತದ್ದು ಸಾಕಾಗಿತ್ತು. ಅದನ್ನು ಆಚೆ ತಳ್ಳಿದಳು. “ಬಾಯಲ್ಲೇ ಹೇಲ್ತೀನಿ. ಎಲ್ಟು ಹೊತ್ತು ಬೇಕು?”

“ಮರಗಟ್ಟಿದ್ದು ಬಿಡೋಕಾ? ಎರಡು ಗಂಟೆ...”

ಅವಳು ಎದ್ದು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಳು.

ಆ ಎರಡು ಗಂಟೆಯಲ್ಲಿ ಹಲ್ಲಿನ ಡಾಕ್ಟರ್ ಪಟ್ಟ ಪಾಡು ಅಷ್ಟಿಷ್ಟಲ್ಲ. ಮೂವರು ರೋಗಿಗಳು ಬಂದರು. ಪ್ರತಿಯೊಬ್ಬರನ್ನು ಕಳಿಸುವಾಗಲೂ ಬಾಗಿಲಲ್ಲಿ ಇಣುಕಿದ. ಅವಳು ಕೆನ್ನೆಯನ್ನು ಬೆರಳಲ್ಲಿ ಒತ್ತಿ ನೋಡಿಕೊಂಡು, ಇನ್ನೂ ಇಲ್ಲ ಎಂದು ತಲೆಯಾಡಿಸಿದಳು. ಮುದುಕರೊಬ್ಬರು, “ಡಾಕ್ಟ್ರೇ, ನಿಮ್ಮ ಗಮನ ನನ್ನ ಹಲ್ಲಿನ ಮೇಲಿದೆ ತಾನೇ?” ಎಂದೇ ಕೇಳಿಬಿಟ್ಟರು.

ಕೊನೆಯವರೂ ಹೋದರು. ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು. ಅವನು ಹೊರಗೆ ಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಕೈ ಎಲ್ಲಿಡುವುದೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡ.

ಅವಳು ತುಟಿಗಳನ್ನು ಒಮ್ಮೆ ಒತ್ತಿ ನೋಡಿದಳು. ಜೀವ ಬಂದಿತ್ತು.

“ಇಷ್ಟು ದಿನ ನಿಮ್ಮನ್ನ ನೀವು ನೀವು ಅಂತಿದ್ದೆ,” ಎಂದಳು. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. “ಇನ್ಮೇಲೆ ನೀನು ಅನ್ನಲಾ?”

ಅವನು ಹೂಂ ಎಂದು ತಲೆಯಾಡಿಸಿದ.

“ನೀನು ಬೇಕು ನಂಗೆ. ಇವತ್ತಿಗಷ್ಟೇ ಅಲ್ಲ, ಯಾವಾಗ್ಲೂ.”

ಅವನು ಬೆಂಚಿನ ಆ ತುದಿಯಿಂದ ಈ ತುದಿಗೆ ಸರಿದು ಬಂದ. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

“ಇನ್ನೊಂದು ಸಲ ಹೇಳು...”

ಅವಳು ಹೇಳಿದಳು.